ಒಂಟಿ ಬೆಳ್ಳಕ್ಕಿ ಪಾಸು, ಜೋಡಿ ಬೆಳ್ಳಕ್ಕಿ ಫೇಲು

ಶೀನ: ಚೀನೀ ಚಿತ್ರ ಅಂತೆ. ತಾವರೆಕೊಳ, ಅದರಲ್ಲಿ ಒಂದೇ ಒಂದು ಬೆಳ್ಳಕ್ಕಿ. ಮೀನಿಗೆ ಕಾಯ್ತಾ ನಿಂತಿದೆ. ಇದರಲ್ಲಿ ಅರ್ಥ ಹುಡುಕೋದೇನಿದೆ?

ಗಿರಿಜಾ: ಮೀನಿಗಲ್ಲ ಕಣೋ, ರಿಸಲ್ಟಿಗೆ! ಚೀನೀ ಭಾಷೇಲಿ ಬೆಳ್ಳಕ್ಕಿನೂ 'ಲೂ', ದಾರಿನೂ 'ಲೂ'. ತಾವರೆನೂ 'ಲಿಯೆನ್', 'ಒಂದರ ಹಿಂದೊಂದು' ಅನ್ನೋದೂ 'ಲಿಯೆನ್'. ಕೂಡಿಸಿ ಓದಿದ್ರೆ, ಒಂದೇ ಓಟಕ್ಕೆ ಪರೀಕ್ಷೆ ಮೇಲೆ ಪರೀಕ್ಷೆ ಪಾಸಾಗಲಿ ಅಂತ ಹಾರೈಕೆ.

ಶೀನ: ಹಂಗಾದ್ರೆ ನಾಲ್ಕು ಬೆಳ್ಳಕ್ಕಿ ಬರೆದುಬಿಡೋಣ, ಡಿಸ್ಟಿಂಕ್ಷನ್!

ಮೂರ್ತಿ: ಕೆಡಿಸಿದೆ. 'ಒಂದು ದಾರಿ' ಆಗ್ಬೇಕಾದ್ರೆ ಹಕ್ಕಿ ಒಂದೇ ಇರ್ಬೇಕು. ಇದು ಶ್ಲೇಷೆ ಮಾರಾಯ, ಲೆಕ್ಕ ತಪ್ಪಿದ್ರೆ ಅರ್ಥವೂ ಹಾರಿಹೋಯ್ತು. ಇನ್ನೊಂದು ನೋಡು, ಮ್ಯಾಗ್‌ಪೈ ಅನ್ನೋ ಹಕ್ಕಿಯ ಚೀನೀ ಹೆಸರಲ್ಲೇ 'ಸಂತೋಷ' ಇದೆ. ಪ್ಲಮ್ ಹೂವಿಗೂ ಹುಬ್ಬಿಗೂ 'ಮೇ' ಅಂತಾರೆ. ಪ್ಲಮ್ ಕೊಂಬೆ ತುದೀಲಿ ಮ್ಯಾಗ್‌ಪೈ ಕೂತರೆ, ಸಂತೋಷ ಹುಬ್ಬಿನ ತುದಿಗೇರಿತು ಅಂತ. ಚೆಂದ ಕಾಣ್ಲಿ ಅಂತ ಗುಲಾಬಿ ಗಿಡದಲ್ಲಿ ಕೂರಿಸಿದ್ಯೋ, ಉಳಿಯೋದು ಬರೀ ಹಕ್ಕಿ.

ಗಿರಿಜಾ: ಪ್ಲಮ್ಮಿಗೆ ಎಲೆ ಬರೀಬೇಡ. ಅದು ಚಳಿಗಾಲದ ಕೊನೇಲಿ ಬೋಳು ಕೊಂಬೇಲೇ ಅರಳೋದು. ಎಸಳು ಐದು.

ಶೀನ: ಮದುವೆಗೆ ಕೊಡೋಕೆ ಮ್ಯಾಂಡರಿನ್ ಬಾತುಕೋಳಿ ಜೋಡಿ ಅಲ್ವಾ?

ಗಿರಿಜಾ: ಚಿತ್ರದಲ್ಲಿ ಅದೇ ಆದರ್ಶ ದಂಪತಿ. ಕೆರೇಲಿ ನೋಡಿದ್ರೆ, ಹೆಣ್ಣು ಕಾವಿಗೆ ಕೂತ ಮೇಲೆ ಮರಿ ಸಾಕೋ ಗೋಜಿಗೆ ಗಂಡು ಬರೋದೇ ಇಲ್ಲ!

ಮೂರ್ತಿ: ಬೇಡಪ್ಪ. ಪಿಯೋನಿ ಹೂವಿನ ಜತೆ ಬಿಳಿತಲೆ ಪಿಕಳಾರದ ಜೋಡಿ ಬರಿ. ಬಿಳಿತಲೆ ಅಂದ್ರೆ ತಲೆ ನರೆಯೋವರೆಗೂ ಕೂಡಿ ಬಾಳಿ, ಪಿಯೋನಿ ಅಂದ್ರೆ ಸಿರಿವಂತರಾಗಿ ಅಂತ.

ಶೀನ: ಆಯುಷ್ಯಕ್ಕೆ ಪೈನ್ ಮರದ ಕೊಂಬೆ ಮೇಲೆ ಕ್ರೌಂಚ?

ಮೂರ್ತಿ: ಮರದ ಕೆಳಗೆ ನಿಲ್ಲಿಸು. ಕೆಂಪುನೆತ್ತಿಯ ಕ್ರೌಂಚದ ಹಿಂಬೆರಳು ಗಿಡ್ಡ, ನೆಲಕ್ಕೂ ತಾಗಲ್ಲ, ಇನ್ನು ಕೊಂಬೆ ಹಿಡಿಯೋದೆಲ್ಲಿ? ಬೆಳ್ಳಕ್ಕಿಗೆ ಹಿಂಬೆರಳು ಉದ್ದ, ಹಿಡಿಯತ್ತೆ. ಹಾರುವಾಗ ಬೆಳ್ಳಕ್ಕಿ ಕತ್ತು ಮಡಚತ್ತೆ, ಕ್ರೌಂಚ ನೀಟಾಗಿ ಚಾಚತ್ತೆ. ಇದು ತಪ್ಪಿದ್ರೆ ಎರಡೂ ಒಂದೇ ಹಕ್ಕಿ.

ಗಿರಿಜಾ: ಶುಭಶಕುನ ಅಂದ್ರೆ ಚೀನಾದ ಸಾಂಗ್ ವಂಶದ ಹುಯ್‌ಜೋಂಗ್ ಚಕ್ರವರ್ತೀದು. 1112ರಲ್ಲಿ ಅರಮನೆ ಬಾಗಿಲ ಮೇಲೆ 20 ಕ್ರೌಂಚ ಬಂದಿದ್ದನ್ನ ತೋರಿಸೋ ಚಿತ್ರ ಅವನ ಹೆಸರಲ್ಲಿದೆ. 1127ರಲ್ಲಿ ಉತ್ತರದ ಜಿನ್ ರಾಜ್ಯದ ಸೈನ್ಯ ಅವನನ್ನೇ ಸೆರೆಹಿಡಿದು ಒಯ್ತು!

ಶೀನ: ಕ್ರೌಂಚಗಳು ಪಾಪ, ಯುದ್ಧದ ಗ್ಯಾರಂಟಿ ಕೊಟ್ಟಿರ್ಲಿಲ್ಲ. ಸರಿ, ಒಂದೇ ಬೆಳ್ಳಕ್ಕಿ. ಬಿಳಿ ಕಾಗದದ ಮೇಲೆ ಬಿಳಿ ಹಕ್ಕಿ ಕಾಣಿಸೋದು ಹೆಂಗೆ?

ಮೂರ್ತಿ: ಹಕ್ಕೀನ ಬರೀಬೇಡ, ಸುತ್ತ ಬರಿ. ಕಾಗದಕ್ಕೆ ಮೊದಲು ಅಂಟು ಮತ್ತೆ ಪಟಿಕದ ನೀರು ತೆಳ್ಳಗೆ ಸವರಿ ಒಣಗಿಸು. ಪಟಿಕ ಕಮ್ಮಿಯಾದ್ರೆ ಬಣ್ಣ ಹರಡತ್ತೆ, ಜಾಸ್ತಿಯಾದ್ರೆ ಕಾಗದ ಪೆಡಸಾಗಿ ಮುರಿಯತ್ತೆ. ಆಮೇಲೆ ಎರಡು ಕುಂಚ. ಒಂದರಲ್ಲಿ ನೀರುನೀರಾದ ಬೂದಿಹಸಿರು, ಇನ್ನೊಂದರಲ್ಲಿ ಬರೀ ನೀರು. ಬೆನ್ನಿನ ಗೆರೆ ಹೊರಗೆ ಬಣ್ಣ ಇಟ್ಟು, ಒಣಗೋದ್ರೊಳಗೆ ನೀರಿನ ಕುಂಚದಿಂದ ಆಚೆಗೆ ಎಳಿ. ಹಿಂಗೆ ಮೂರು-ನಾಲ್ಕು ಪದರ, ಪ್ರತಿ ಸಲ ಒಣಗಿದ ಮೇಲೇ. ಒಂದೇ ಸಲ ದಪ್ಪಗೆ ಬಳಿದ್ರೆ ಅಂಚಿಗೆ ಗೆರೆ ಕಟ್ಟತ್ತೆ. ಕೊನೇಲಿ ಎದೆಯ ಪುಕ್ಕಕ್ಕೆ ಮಾತ್ರ ಒಂದೆರಡು ಬಿಳಿ ಎಳೆ.

ಶೀನ: ಯಾವುದೋ ಬಿಳಿ ಆದ್ರೆ ಸಾಕಾ?

ಮೂರ್ತಿ: ಸೀಸದ ಬಿಳಿ ಬೇಡ. ಗಾಳೀಲಿರೋ ಗಂಧಕದ ಅಂಶ ತಾಗಿ ವರ್ಷ ಕಳೆದಂತೆ ಕಪ್ಪಾಗತ್ತೆ. ಟೈಟಾನಿಯಂ ಬಿಳಿ ಹಾಕು.

ಗಿರಿಜಾ: ಇಲ್ದಿದ್ರೆ ಬೆಳ್ಳಕ್ಕಿ ಹೋಗಿ ಕಾಗೆ.

ಶೀನ: ಆಗ ಪರೀಕ್ಷೆ?

ಗಿರಿಜಾ: ಸಪ್ಲಿಮೆಂಟರಿ.