ಬೆಂಗಳೂರಿನ ಆಫೀಸ್ ಪಿಸಿಯನ್ನ ಶಿರಸಿಯಲ್ಲಿ ಕೂತೇ ಬಳಸಬೇಕು, ಅನುಭವ ಇದ್ದವರು ಹೇಳಿ

ಆಫೀಸ್ ಪಿಸಿ ವಿಂಡೋಸ್ 11 ಹೋಮ್, ಟ್ಯಾಲಿ ಅದರಲ್ಲೇ ಇದೆ. ಊರಲ್ಲಿ 4ಜಿ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನ ಕನೆಕ್ಷನ್ ಪಿಸಿಗೆ ತಿರುಗಿಸಿದರೂ ಕನೆಕ್ಟ್ ಆಗ್ತಿಲ್ಲ.

ಲೆಕ್ಕದವ: ರೂಟರಿನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.64ರಿಂದ 100.127ರ ಒಳಗಿದ್ದರೆ ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಐಪಿಯನ್ನ ಹಲವರಿಗೆ ಹಂಚಿದೆ, ಹೊರಗಿಂದ ಬಂದದ್ದು ರೂಟರ್ ತನಕ ತಲುಪೋದೇ ಇಲ್ಲ. ನಾನು ನನಗೊಬ್ಬನಿಗೇ ಇರೋ ಸ್ಟಾಟಿಕ್ ಐಪಿಗೆ ವರ್ಷಕ್ಕೆ 2,400 ಕೊಡ್ತೀನಿ, ಮೇಲೆ ಜಿಎಸ್‌ಟಿ. ಹೋಮ್‌ನಲ್ಲಿ ಆರ್‌ಡಿಪಿ ಹೋಸ್ಟ್, ಅಂದರೆ ಆ ಪಿಸಿಯ ಪರದೆಯನ್ನ ಬೇರೆ ಕಡೆಯಿಂದ ತೆರೆಯಲು ಬಿಡೋ ವಿಂಡೋಸ್ ಸೌಲಭ್ಯ, ಇಲ್ಲ ಅಂತ ಪ್ರೊ ಲೈಸೆನ್ಸ್ ಬೇರೆ ತಗೊಂಡೆ. ಅದರ ಮಾಮೂಲಿ ಪೋರ್ಟ್ 3389 ತೆಗೆದು 50123 ಇಟ್ಟೆ, ಏನೂ ತೊಂದರೆ ಇಲ್ಲ.

ಸುರಂಗ: ಇವೆಂಟ್ ವ್ಯೂವರ್‌ನಲ್ಲಿ ಸೆಕ್ಯುರಿಟಿ ಲಾಗ್ ತೆಗೆದು 4625 (ವಿಫಲ ಲಾಗಿನ್ ಯತ್ನ) ಫಿಲ್ಟರ್ ಹಾಕಿ, ಆಮೇಲೆ ತೊಂದರೆ ಇಲ್ಲ ಅನ್ನಿ. ಪೋರ್ಟ್ ಬದಲಿಸಿದ ಮಾತ್ರಕ್ಕೆ ತೆರೆದ ಪೋರ್ಟ್ ಹುಡುಕೋ ಸ್ಕ್ಯಾನರ್‌ಗಳು ಬಿಡಲ್ಲ. ನಮ್ಮಲ್ಲಿ ಟೈಲ್‌ಸ್ಕೇಲ್, ಪೋರ್ಟ್ ತೆರೆಯದೆ ಪಿಸಿಗಳನ್ನ ಖಾಸಗಿ ದಾರಿಯಲ್ಲಿ ಜೋಡಿಸೋ ಸಾಫ್ಟ್‌ವೇರ್, ಖರ್ಚು ಸೊನ್ನೆ. ಆಫೀಸ್ ಪಿಸಿಯಲ್ಲಿ ‘ರನ್ ಅನ್‌ಅಟೆಂಡೆಡ್’ ಟಿಕ್ ಮಾಡಲೇಬೇಕು. ಇಲ್ಲದಿದ್ದರೆ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದಾಗ ಯಾರಾದರೂ ಎದುರು ಕೂತು ಲಾಗಿನ್ ಆಗೋ ತನಕ ಅದು ಆಫ್‌ಲೈನ್. ಕೀ ಎಕ್ಸ್‌ಪೈರಿ (ಮತ್ತೆ ಲಾಗಿನ್ ಕೇಳೋ ಅವಧಿ) ಡೀಫಾಲ್ಟ್ 180 ದಿನ, ಅದನ್ನೂ ಡಿಸೇಬಲ್ ಮಾಡಿ.

ಲೆಕ್ಕದವ: ಸುಮ್ಮನೆ ಹೆದರಿಸಬೇಡಿ ಸಾರ್. ಹೊಸದಾಗಿ ಹಾಕಿದ 11ರಲ್ಲಿ 10 ತಪ್ಪು ಪಾಸ್‌ವರ್ಡ್‌ಗೆ 10 ನಿಮಿಷ ಲಾಕೌಟ್ ತಾನಾಗೇ ಇರುತ್ತೆ.

ಸುರಂಗ: ಆ ಲಾಕೌಟೇ ನಿಮಗೆ ಮುಳುವು. ನಿಮ್ಮ ಯೂಸರ್‌ನೇಮ್ ಸಿಕ್ಕ ಬಾಟ್ ಬಿಡದೆ ತಪ್ಪು ಪಾಸ್‌ವರ್ಡ್ ಹೊಡೀತಿದ್ದರೆ, ಸರಿಯಾದ ಪಾಸ್‌ವರ್ಡ್ ಇಟ್ಟುಕೊಂಡು ನೀವೇ ಹೊರಗೆ ಕಾಯಬೇಕು. ರಿಟರ್ನ್ಸ್ ಕೊನೇ ದಿನ ಹಾಗಾದರೆ?

ಸ್ವಂತಸರ್ವರ್: ಟೈಲ್‌ಸ್ಕೇಲ್ ಖಾತೆ ಲಾಕ್ ಆದರೆ ಸುರಂಗ ಅವರಿಗೂ ಅದೇ ಗತಿ. ನಂದು ಅದೇ ಥರ ಖಾಸಗಿ ದಾರಿ ಕಟ್ಟೋ ಸ್ವಂತ ವೈರ್‌ಗಾರ್ಡ್, ವಿಪಿಎಸ್ ಅನ್ನೋ ಬಾಡಿಗೆ ಲಿನಕ್ಸ್ ಸರ್ವರ್‌ಗೆ ತಿಂಗಳಿಗೆ 450. ಯುಡಿಪಿ 51820 ವಿಪಿಎಸ್‌ನಲ್ಲಿ ಮಾತ್ರ ಓಪನ್. ಆಫೀಸ್ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 (ಪ್ರತಿ 25 ಸೆಕೆಂಡಿಗೆ ಒಂದು ಖಾಲಿ ಪ್ಯಾಕೆಟ್) ಹಾಕದಿದ್ದರೆ ರೂಟರಿನ ನ್ಯಾಟ್ ದಾರಿ ಮುಚ್ಚಿಹೋಗುತ್ತೆ. 4ಜಿಯಲ್ಲಿ ಲಾಗಿನ್ ಆಗಿ ಪರದೆ ಕಪ್ಪಗೇ ನಿಂತರೆ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ: ದೊಡ್ಡ ಪ್ಯಾಕೆಟ್ ಮಧ್ಯದಲ್ಲೇ ಬಿದ್ದುಹೋಗ್ತಿರುತ್ತೆ, ಪಿಂಗ್ ಮಾತ್ರ ಚೆನ್ನಾಗೇ ಬರುತ್ತೆ.

ಸುರಂಗ: ಆ ವಿಪಿಎಸ್‌ಗೆ ಪ್ಯಾಚ್ ಹಾಕೋರು ಯಾರು? ಟ್ಯಾಲಿ ನೋಡೋ ಮನುಷ್ಯನಿಗೆ ಲಿನಕ್ಸ್ ಕೆಲಸ ಅಂಟಿಸಬೇಡಿ.

ಘಟ್ಟದಮೇಲೆ: ಕೇಳಿದವರದು ಹೋಮ್ ಅಂತ ಲೆಕ್ಕದವರು ಬಿಟ್ಟರೆ ಯಾರೂ ನೋಡಲಿಲ್ಲವೇ? ಟೈಲ್‌ಸ್ಕೇಲ್ ಇರಲಿ, ವೈರ್‌ಗಾರ್ಡ್ ಇರಲಿ, ಆ ಪಿಸಿಗೆ ಆರ್‌ಡಿಪಿ ಸಿಗಲ್ಲ. ರಸ್ಟ್‌ಡೆಸ್ಕ್ ಅನ್ನೋ ರಿಮೋಟ್ ಡೆಸ್ಕ್‌ಟಾಪ್ ಆಪ್ ಹಾಕಿ ಪರ್ಮನೆಂಟ್ ಪಾಸ್‌ವರ್ಡ್ ಇಡಿ. ಬಯಾಸ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಆನ್ ಮಾಡಿ, ಕರೆಂಟ್ ಬಂದಾಗ ಪಿಸಿ ತಾನೇ ಶುರುವಾಗುತ್ತೆ; ಸ್ಲೀಪ್ ತೆಗೀರಿ. ಆಫ್ ಆದ ಪಿಸಿಯನ್ನ ನೆಟ್‌ವರ್ಕ್‌ನಿಂದ ಎಬ್ಬಿಸೋ ವೇಕ್ ಆನ್ ಲ್ಯಾನ್ ನಂಬಬೇಡಿ, ಆಫೀಸಿನಲ್ಲಿ ಸದಾ ಆನ್ ಇರೋ ಇನ್ನೊಂದು ಸಾಧನ ಇಲ್ಲದೆ ಮ್ಯಾಜಿಕ್ ಪ್ಯಾಕೆಟ್ ಕಳಿಸೋರಿಲ್ಲ.

ಲೆಕ್ಕದವ: ಪಿಸಿಗೆ ಯುಪಿಎಸ್ ಇದ್ದರೆ ಬಯಾಸ್ ಯಾಕೆ ಮುಟ್ಟಬೇಕು?

ಘಟ್ಟದಮೇಲೆ: ಬ್ಯಾಟರಿ ಖಾಲಿ ಆದ ಮೇಲೆ ಸ್ವಿಚ್ ಒತ್ತೋಕೆ ಶಿರಸಿಯಿಂದ ಬಸ್ ಹತ್ತಬೇಕಾ? ನಿಮ್ಮ ಯುಪಿಎಸ್‌ಗೆ ರೂಟರ್ ಸಿಕ್ಕಿಸಿದ್ದೀರಾ, ಅದನ್ನ ಮೊದಲು ಹೇಳಿ. ಪಿಸಿ ಓಡ್ತಿದ್ದು ರೂಟರ್ ಸತ್ತರೆ ಊರಿಂದ ಎರಡೂ ಒಂದೇ.