ಗೆಳೆಯರಿಗೆ ಕಳುಹಿಸಲು ಭರವಸೆಯ ಕ್ರಿಸ್‌ಮಸ್ ಓದು ಯಾವುದು?

ಪ್ರಶ್ನೆ (ಮಂಗಳೂರು):
ಪ್ರತಿ ವರ್ಷವೂ ಡಿಸೆಂಬರ್ 24ರ ರಾತ್ರಿ ಮೊಬೈಲಿಗೆ ಬಂದ ಶುಭಾಶಯದ ಚಿತ್ರಗಳನ್ನೇ ಎಲ್ಲರಿಗೂ ಕಳುಹಿಸಿ ಸುಮ್ಮನಾಗುತ್ತಿದ್ದೆ. ಈ ಸಲ ಗೆಳೆಯರಿಗೆ, ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ, ಮನಸ್ಸಿಗೆ ಧೈರ್ಯ ಕೊಡುವ ಚಿಕ್ಕ ಓದೊಂದನ್ನು ಕಳುಹಿಸಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ಸೂಚಿಸಿರಿ.

ಉತ್ತರ (ಉಡುಪಿ):
ಬೈಬಲಿನ ಲೂಕನ ಸುವಾರ್ತೆಯ 2ನೆಯ ಅಧ್ಯಾಯದ ಮೊದಲ 20 ವಚನಗಳು ಸಾಕು. ಛತ್ರದಲ್ಲಿ ಸ್ಥಳ ಸಿಗದೆ ಮಗು ಯೇಸುವನ್ನು ಗೋದಲಿಯಲ್ಲಿ ಮಲಗಿಸಿದ ತಾಯಿಯ ಸುದ್ದಿ ಮೊದಲು ತಲುಪಿದ್ದು ಅರಮನೆಗಲ್ಲ, ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಅವರಿಗೆ ದೇವದೂತನು ಹೇಳಿದ ಮೊದಲ ಮಾತು ‘ಹೆದರಬೇಡಿರಿ’ ಎಂಬುದು. ನನ್ನ ತಾಯಿ ಕಾಯಿಲೆ ಬಿದ್ದಿದ್ದ ವರ್ಷ ಗೆಳತಿಯೊಬ್ಬರು ಆ ಒಂದೇ ಮಾತನ್ನು ಚೀಟಿಯಲ್ಲಿ ಬರೆದು ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯ ಮೇಲಿಟ್ಟು ಕಳುಹಿಸಿದ್ದರು. ಕಿಡಿಯೊ ಎಂಬ ಸಿಹಿತಿಂಡಿಯ ಸಕ್ಕರೆ ಪಾಕ ಅಂಟಿದ ಆ ಚೀಟಿ ಇಂದಿಗೂ ನನ್ನ ಪ್ರಾರ್ಥನಾ ಪುಸ್ತಕದೊಳಗಿದೆ.

ಉತ್ತರ (ಮಂಗಳೂರು):
ಬೈಬಲಿನಲ್ಲೇ ಇರುವ ಪ್ರವಾದಿ ಯೆಶಾಯನ ಗ್ರಂಥದ 9ನೆಯ ಅಧ್ಯಾಯದ ಆರಂಭವನ್ನೂ ಸೇರಿಸಿರಿ: ಕತ್ತಲಲ್ಲಿ ನಡೆಯುತ್ತಿದ್ದ ಜನರಿಗೆ ದೊಡ್ಡ ಬೆಳಕು ಕಾಣಿಸಿತೆಂಬ ಆ ಮಾತು ಯಾವ ಧರ್ಮದವರಿಗೂ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲಿಯೇ ಕಳುಹಿಸಿರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯ ತೆರೆದು ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿದ ಊರು ನಮ್ಮದು. ಇಲ್ಲಿಂದ ಹೋಗುವ ಶುಭಾಶಯ ಕನ್ನಡದಲ್ಲಿರುವುದೇ ಚೆಂದ. ಎಲ್ಲರಿಗೂ ಒಂದೇ ಸಂದೇಶ ಬೇಡ, ಪ್ರತಿಯೊಬ್ಬರ ಹೆಸರು ಬರೆದು ಎರಡು ಸಾಲು ನಿಮ್ಮದೂ ಇರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಈ ವರ್ಷ ಪತಿಯನ್ನು ಕಳೆದುಕೊಂಡ ನೆರೆಮನೆಯ ಅಕ್ಕನಿಗೆ ಮೊದಲ ಚೀಟಿಯನ್ನು ಕೈಯಾರೆ ಬರೆದು, ಕರ್ಜಿಕಾಯಿಯಂಥ ನೆವ್ರಿಗಳೊಂದಿಗೆ ನಾನೇ ಕೊಟ್ಟು ಬರುತ್ತೇನೆ.