ಅಪ್ಪನ ಡಿಸೆಬಿಲಿಟಿ ಪೆನ್ಷನ್ ರಿಜೆಕ್ಟ್ ಆಗಿ ನಾಲ್ಕು ವರ್ಷದ ಮೇಲಾಯ್ತು, ಈಗ ಅಪೀಲ್ ಹಾಕ್ಬಹುದಾ?

ಬಿದನೂರು ಹುಡುಗಿ
ಎಲ್ರಿಗೂ ನಮಸ್ಕಾರ. ಅಪ್ಪ ಆರ್ಟಿಲರಿಲಿ 22 ವರ್ಷ ಇದ್ದು 2021ರಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದ್ರು. ಹೊಸನಗರದ ಹತ್ರ ನಮ್ಮನೆ, ಒಂದೂವರೆ ಎಕ್ರೆ ಅಡಿಕೆ ತೋಟ. ಮೊನ್ನೆ ಸೈನ್ಯದ ಪೆನ್ಷನ್ ವೆಬ್‌ಸೈಟ್ ಸ್ಪರ್ಶ್‌ಗೆ ಒಂದು ಪೇಪರ್ ಬೇಕಿತ್ತು ಅಂತ ಅವರ ಕಪ್ಪು ಟ್ರಂಕ್ ತೆಗ್ದೆ, ತಳದಲ್ಲಿ ಯೂನಿಫಾರ್ಮ್ ಕೆಳಗೆ ಒಂದು ಲೆಟರ್ ಸಿಕ್ತು. ಬಿಡುಗಡೆಗೆ ಮುಂಚೆ ಪರೀಕ್ಷೆ ಮಾಡೋ ಡಾಕ್ಟರ್‌ಗಳ ರಿಲೀಸ್ ಮೆಡಿಕಲ್ ಬೋರ್ಡ್‌ನವರು ಬಿಪಿಗೆ 30%, ಕಿವಿಗೆ 20%, ಒಟ್ಟು ಸೇರಿ 40% ಅಂತ ಹಾಕಿದ್ದಾರೆ, ಆದ್ರೆ ಎರಡೂ ಸರ್ವಿಸ್‌ನಿಂದ ಬಂದಿದ್ದಲ್ಲ, ಸರ್ವಿಸ್‌ನಿಂದ ಜಾಸ್ತಿ ಆಗಿದ್ದೂ ಅಲ್ಲ ಅಂತ ಹೇಳಿ ಕ್ಲೇಮ್ ತಿರಸ್ಕರಿಸಿದ್ದಾರೆ. ಕೊನೇ ಸಾಲಲ್ಲಿ ಆರು ತಿಂಗಳೊಳಗೆ ಅಪೀಲ್ ಮಾಡ್ಬಹುದು ಅಂತಿದೆ. ಅಪ್ಪ ಮಾಡೇ ಇಲ್ಲ, ನಮಗ್ಯಾರಿಗೂ ಹೇಳೂ ಇಲ್ಲ.

ಬಿಪಿ ವಿಷ್ಯ ನಂಗೆ ಗೊತ್ತಿಲ್ಲ, ಆದ್ರೆ ಕಿವಿ ನಾನು ದಿನಾ ನೋಡ್ತಿದ್ದೀನಿ. ನಮ್ಮ ಕೊಟ್ಟಿಗೆಗೆ ತಗಡಿನ ಮಾಡು, ಆಷಾಢದ ಮಳೆ ಹಿಡೀತು ಅಂದ್ರೆ ಮನೆಯೊಳಗೆ ಒಬ್ರ ಮಾತು ಒಬ್ರಿಗೆ ಕೇಳಲ್ಲ, ಅಂಥಾ ಹೊತ್ತಲ್ಲಿ ಅಪ್ಪ ಜಗಲಿಲಿ ಅಂಗಳಕ್ಕೆ ಬೆನ್ನು ಹಾಕಿ ಅಡಿಕೆ ಸುಲೀತಾ ಕೂತವ್ರು "ಮಳೆ ನಿಂತ್ತಾ?" ಅಂತ ಕೇಳ್ತಾರೆ. ಸೈನ್ಯಕ್ಕೆ ಸೇರುವಾಗ ಎಲ್ಲಾ ಸರಿ ಇತ್ತಲ್ಲ, ಮತ್ತೆ ಇದು ಎಲ್ಲಿಂದ ಬಂತು ಅಂತ ಇವರು ಹೇಳ್ತಾರೆ? ಟೈಮ್ ಮುಗ್ದೋಯ್ತಾ? ದಾರಿ ಇದ್ರೆ ಹೇಳಿ.

ಗನ್ನರ್ ಸಾಗರ
ತಂಗೀ, ಮುಗಿದಿಲ್ಲ. ನಾನೂ ಆರ್ಟಿಲರಿಯವನೇ, ನಿಮ್ಮಪ್ಪನಿಗಿಂತ ಸ್ವಲ್ಪ ಸೀನಿಯರ್. ಆ ಲೆಟರ್‌ನಲ್ಲಿರೋ "ಬಂದಿದ್ದೂ ಅಲ್ಲ, ಜಾಸ್ತಿ ಆಗಿದ್ದೂ ಅಲ್ಲ" ಅನ್ನೋ ಮಾತಿಗೆ ನಮ್ಮಲ್ಲಿ "ನಾನಾ" ಅಂತಾರೆ, ಇಂಗ್ಲಿಷಿನ ನಾಲ್ಕಕ್ಷರ. ನಂಗೂ ಅದೇ ಬಂದಿತ್ತು, ನಾನೂ ಅದನ್ನ ಮಡಚಿ ಇಟ್ಟಿದ್ದೆ. ಹಿಂಗೆ ಮಡಚಿ ಇಟ್ಟವರು ನಮ್ ತಾಲ್ಲೂಕಲ್ಲೇ ಎಷ್ಟು ಜನ ಇದ್ದಾರೋ, ಯಾಕಂದ್ರೆ ಆರ್ಮಿ ಲೆಟರ್‌ಹೆಡ್ ಮೇಲೆ ಬಂದಿದ್ದು ಆರ್ಡರ್ ಅಂತಲೇ ನಮಗೆ ಅಭ್ಯಾಸ, ಅದಕ್ಕೆ ಎದುರು ಬರೀಬಹುದು ಅನ್ನೋದೇ ತಲೆಗೆ ಬರಲ್ಲ.

2013ರ ಧರಂವೀರ್ ಸಿಂಗ್ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ. ಆ ಸಿಗ್ನಲ್ಸ್ ಜವಾನನಿಗೆ ಫಿಟ್ಸ್ ಬಂದು ಹೊರಗೆ ಕಳ್ಸಿದ್ರು, 20% ಹಾಕಿ ಪೆನ್ಷನ್ ಕೊಡ್ಲಿಲ್ಲ. ಕೋರ್ಟ್ ಹೇಳಿದ್ದು ಏನಂದ್ರೆ ಭರ್ತಿ ಆಗುವಾಗ ನಿಮ್ಮ ಡಾಕ್ಟರೇ ನೋಡಿ ಫಿಟ್ ಅಂತ ತಗೊಂಡಿದ್ದೀರಿ, ಆವಾಗಿನ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ, ಹಂಗಾದ್ರೆ ಆಮೇಲೆ ಬಂದಿದ್ದು ಸರ್ವಿಸ್‌ನಿಂದಲೇ ಅಂತ ತಿಳ್ಕೋಬೇಕು, ಅಲ್ಲ ಅಂತ ತೋರಿಸೋ ಹೊಣೆ ಸರ್ಕಾರದ್ದು, ಜವಾನನದ್ದಲ್ಲ, ಮತ್ತೆ ಬೋರ್ಡ್ ಕಾರಣ ಬರೀಲೇಬೇಕು. ನೇರ ಸೈನ್ಯದವರ ಕೇಸ್ ನೋಡೋ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್‌ಗೆ ಹೋಗಿ. ನಮ್ಮ ಕರ್ನಾಟಕಕ್ಕೆ ಕೊಚ್ಚಿ ಬೆಂಚ್.

ತೋಟದಮನೆ ರಿಪ್ಪನ್‌ಪೇಟೆ
ನಾನು ಸುಬೇದಾರ್ ಆಗಿ ಬಂದವನು, 28 ವರ್ಷ ಸರ್ವಿಸ್. ಬೇಜಾರಾದ್ರೂ ಹೇಳ್ತೀನಿ. ಬಿಪಿಗೆ ಪೆನ್ಷನ್ ಕೇಳೋದು ನಂಗೆ ಸರಿ ಕಾಣಲ್ಲ. ನಂಗೂ ಬಿಪಿ ಇದೆ, ನಮ್ಮೂರಲ್ಲಿ ಒಂದು ದಿನಾನೂ ಊರು ಬಿಟ್ಟು ಹೋಗದವ್ರಿಗೂ ಬಿಪಿ ಇದೆ. ನನ್ನ ಕಂಪನಿಯ ಹುಡುಗ ಒಬ್ಬ ಮೈನ್ ಮೇಲೆ ಕಾಲಿಟ್ಟು ಮಂಡಿ ಕೆಳಗೆ ಕಳ್ಕೊಂಡ, ಸ್ಟ್ರೆಚರ್ ಒಂದು ತುದಿ ನಾನೇ ಹಿಡಿದಿದ್ದೆ. ಅವನಿಗೂ ಡಿಸೆಬಿಲಿಟಿ ಪೆನ್ಷನ್, ಮಾತ್ರೆ ನುಂಗೋ ನಂಗೂ ಡಿಸೆಬಿಲಿಟಿ ಪೆನ್ಷನ್ ಅಂದ್ರೆ ಹೊಟ್ಟೆ ಉರಿಯುತ್ತೆ. ಗೆದ್ರೂ ಸರ್ಕಾರ ಬಿಡಲ್ಲ, 2023ರಲ್ಲಿ ಪರಶೋತ್ತಮ್ ದಾಸ್ ಕೇಸ್ ಆದ್ಮೇಲೆ ಟ್ರಿಬ್ಯುನಲ್ ತೀರ್ಪಿನ ಮೇಲೆ ಹೈಕೋರ್ಟ್‌ಗೆ ಹೋಗೋ ಬಾಗಿಲು ಇಬ್ಬರಿಗೂ ತೆಗೆದಿದೆ. ವಯಸ್ಸಾದವರನ್ನ ಅಷ್ಟು ಓಡಾಡಿಸ್ಬೇಕಾ ಯೋಚ್ನೆ ಮಾಡಮ್ಮ.

ಗನ್ನರ್ ಸಾಗರ
ಸಾಹೇಬ್ರೆ, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಕೇಳ್ತೀನಿ, ಆ ಹುಡುಗನ ಕಾಲು ಕಾಣುತ್ತೆ, ನಮ್ಮ ಕಿವಿ ಕಾಣಲ್ಲ, ಅಷ್ಟೇ ಅಲ್ವಾ ವ್ಯತ್ಯಾಸ? 155 ಎಂಎಂ ಬೋಫೋರ್ಸ್ ಪಕ್ಕದಲ್ಲಿ ನಿಂತಿದ್ದೀರಾ ನೀವು? ಶೆಲ್ ಒಂದೊಂದು ನಲವತ್ತು ಕೆಜಿ ಮೇಲೆ, ಫೈರ್ ಅಂದಾಗ ಎದೆ ಗೂಡಿನೊಳಗೆ ಹೊಡೆದಂಗೆ ಆಗುತ್ತೆ. ನಾವು ಕಿವಿಗೆ ಹತ್ತಿ ತುರುಕ್ಕೊಂಡು, ಆದ್ರೆ ನಂಬರ್ ಒನ್, ಅಂದ್ರೆ ಗನ್ ಕಮಾಂಡರ್, ಕೂಗಿದ್ದು ಕೇಳ್ಬೇಕಲ್ಲ ಅಂತ ಒಂದು ಕಡೆ ಸಡಿಲ ಬಿಟ್ಕೋತಿದ್ವಿ. ರಾತ್ರಿ ಮಲಗಿದ್ರೆ ಜೀರುಂಡೆ ಕೂಗಿದಂಗೆ, ಈಗ್ಲೂ. ಮಲೆನಾಡಿಗೆ ವಾಪಸ್ ಬಂದಾಗ ಮೊದಲು ಒಂದು ವಾರ ಅದು ಹೊರಗಿನ ಜೀರುಂಡೆನೇ ಅಂದ್ಕೊಂಡಿದ್ದೆ, ಬೇಸಿಗೆ ಬಂದ್ಮೇಲೂ ನಿಲ್ಲಲಿಲ್ಲ.

ತೋಟದಮನೆ ರಿಪ್ಪನ್‌ಪೇಟೆ
ಕಿವಿ ವಿಷ್ಯಕ್ಕೆ ನಾನು ಎದುರು ಹೇಳಲ್ಲಪ್ಪ. ಗನ್ನರ್‌ಗೆ ಕಿವಿ ಹೋದ್ರೆ ಅದು ಸರ್ವಿಸ್‌ನಿಂದಲೇ. ನಾನಂದಿದ್ದು ಬಿಪಿಗೆ.

ತುಂಗಾ ದಡ
ನಾನು ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು, ಬೋರ್ಡ್ ಪೇಪರ್ ಎಷ್ಟೋ ಕೈಲಿ ಹಾದು ಹೋಗಿದೆ. ಅಮ್ಮಾ, ನಿಮ್ಮ ಹತ್ರ ಇರೋದು ರಿಜೆಕ್ಷನ್ ಲೆಟರ್ ಮಾತ್ರ ಅನ್ಸುತ್ತೆ, ಅದರಲ್ಲಿ ಏನೂ ಇರಲ್ಲ. ನಿಮಗೆ ಬೇಕಾಗಿರೋದು ಎಎಫ್‌ಎಂಎಸ್‌ಎಫ್-16 ಅನ್ನೋ ಫಾರ್ಮ್, ಬೋರ್ಡ್ ಪ್ರೊಸೀಡಿಂಗ್ಸ್ ಅಂದ್ರೆ ಅದೇ. ಅದರಲ್ಲಿ ಶುರುವಿಗೇ ಎಲ್ಲಾ ಪೋಸ್ಟಿಂಗ್ ಪಟ್ಟಿ ಇರುತ್ತೆ, ಎಲ್ಲಿಂದ ಎಲ್ಲೀತನಕ, ಪಕ್ಕದಲ್ಲಿ ಪೀಸ್, ಅಂದ್ರೆ ಶಾಂತ ಜಾಗದ ಪೋಸ್ಟಿಂಗ್ ಆದ್ರೆ ಪಿ, ಫೀಲ್ಡ್, ಅಂದ್ರೆ ಗಡಿ ಕಡೆಯ ಕಷ್ಟದ ಜಾಗ ಆದ್ರೆ ಎಫ್. ಆಮೇಲೆ ಪ್ರತಿ ಕಾಯಿಲೆ ಎದುರಿಗೆ ಸರ್ವಿಸ್‌ನಿಂದ ಬಂತಾ, ಸರ್ವಿಸ್‌ನಿಂದ ಜಾಸ್ತಿ ಆಯ್ತಾ, ಕಾರಣ ಏನು ಅಂತ ಕಾಲಂ. ಆ ಕಾರಣದ ಕಾಲಂ ಒಂದೇ ಸಾಲಲ್ಲಿ ಮುಗ್ಸಿರ್ತಾರೆ. ಬಿಪಿ ಆದ್ರೆ "ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ", ಕಿವಿ ಆದ್ರೆ "ಇಂಜುರಿ ರಿಪೋರ್ಟ್ ಇಲ್ಲ". ಕಿವಿ ದಿನಾ ಸ್ವಲ್ಪ ಸ್ವಲ್ಪ ಹೋಗೋದು, ಬಿದ್ದು ಕೈ ಮುರಿದ ಹಾಗೆ ಅದಕ್ಕೆ ಒಂದು ದಿನ ಒಂದು ಜಾಗ ಅಂತ ಇಂಜುರಿ ರಿಪೋರ್ಟ್ ಯಾರು ಮಾಡ್ತಾರೆ?

ಸುಬೇದಾರ್ ಸಾಹೇಬ್ರೆ, ಬಿಪಿ ಬಗ್ಗೆ ನಾನು ನಿಮ್ಮನ್ನ ಪೂರ್ತಿ ಒಪ್ಪಲ್ಲ. ಆ ಪಿ ಮತ್ತು ಎಫ್ ಪಟ್ಟಿ ನೋಡಿ ಹೇಳ್ಬೇಕು. ಎರಡು ವರ್ಷ ಹೈ ಆಲ್ಟಿಟ್ಯೂಡ್‌ನಲ್ಲಿದ್ದು ಕೆಳಗೆ ಬಂದ ಮೂರನೇ ತಿಂಗಳಿಗೆ ಆನ್ಯುವಲ್ ಮೆಡಿಕಲ್‌ನಲ್ಲಿ ಬಿಪಿ ಸಿಕ್ತು ಅಂದ್ರೆ ಅದು ಪೀಸ್ ಸ್ಟೇಷನ್‌ನಲ್ಲಿ ಹುಟ್ಟಿದ್ದಾ, ಪೀಸ್ ಸ್ಟೇಷನ್‌ನಲ್ಲಿ ಯಂತ್ರ ಕಟ್ಟಿ ನೋಡಿದ್ದಾ? ಮೆಡಿಕಲ್ ಆಫೀಸರ್‌ಗಳಿಗೆ ಅಂತಲೇ 2002ರಲ್ಲಿ ಮಾಡಿ 2008ರಲ್ಲಿ ತಿದ್ದಿದ ಗೈಡ್ ಇದೆ, ಬಿಪಿಗೂ ಫೀಲ್ಡ್ ಸರ್ವಿಸ್ ಲೆಕ್ಕ ಹಾಕಿ ನೋಡಿ ಅಂತ ಅದೂ ಹೇಳುತ್ತೆ.

ಕೋರ್ಟ್ ರಸ್ತೆ
ಶಿವಮೊಗ್ಗದಲ್ಲಿ ವಕೀಲಿ ಮಾಡ್ತೀನಿ, ಇಂಥ ಕೆಲವು ಫೈಲ್ ನೋಡಿದ್ದೀನಿ. ಗನ್ನರ್ ಅಣ್ಣ ಹೇಳಿದ್ರಲ್ಲಿ ಒಂದು ತಿದ್ದುಪಡಿ, ನೇರ ಟ್ರಿಬ್ಯುನಲ್‌ಗೆ ಹೋಗ್ಬೇಡಿ. 2007ರ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ಕಾಯ್ದೆ 21ನೇ ಸೆಕ್ಷನ್ ಪ್ರಕಾರ ಇಲಾಖೆ ಒಳಗಿರೋ ದಾರಿ ಮೊದಲು ಮುಗಿಸಿ ಬರ್ಬೇಕು. ಅಂದ್ರೆ ಫಸ್ಟ್ ಅಪೀಲ್, ಅದಕ್ಕೊಂದು ಕಮಿಟಿ, ಅದೂ ತಿರಸ್ಕರಿಸಿದ್ರೆ ಸೆಕೆಂಡ್ ಅಪೀಲ್, ಅದಕ್ಕೆ ಮೇಲಿನ ಕಮಿಟಿ. ಅಪೀಲ್ ಕೊಟ್ಟು ಆರು ತಿಂಗಳು ಕಾದ್ರೂ ಉತ್ತರ ಬರ್ಲಿಲ್ಲ ಅಂದ್ರೆ 22ನೇ ಸೆಕ್ಷನ್‌ನಲ್ಲಿ ಟ್ರಿಬ್ಯುನಲ್ ಬಾಗಿಲು ತೆರೆಯುತ್ತೆ, ಅಲ್ಲಿಂದ ಮುಂದಿನ ಆರು ತಿಂಗಳೊಳಗೆ ಹಾಕ್ಬೇಕು. ಈ ತಾರೀಕುಗಳನ್ನ ಗೋಡೆ ಕ್ಯಾಲೆಂಡರ್ ಮೇಲೆ ಬರ್ದಿಟ್ಕೊಳಿ.

ತಡ ಆಗಿದ್ದಕ್ಕೆ ಹೆದರ್ಬೇಡಿ. 2008ರ ತರ್ಸೇಮ್ ಸಿಂಗ್ ತೀರ್ಪಿದೆ. ಪೆನ್ಷನ್ ತಪ್ಪಿದ್ರೆ ಪ್ರತಿ ತಿಂಗಳೂ ಹೊಸದಾಗಿ ತಪ್ಪಿದ ಹಾಗೆ, ಹಾಗಾಗಿ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಹಕ್ಕು ಸಾಯಲ್ಲ, ಆದ್ರೆ ಹಿಂದಿನ ಬಾಕಿ ಕೇಸ್ ಹಾಕಿದ ದಿನದಿಂದ ಮೂರು ವರ್ಷ ಹಿಂದಕ್ಕೆ ಮಾತ್ರ. ನೀವು ಕೂತಷ್ಟು ತಿಂಗಳ ದುಡ್ಡು ಹೋಯ್ತು ಅಂತ್ಲೇ ಅರ್ಥ. ಇನ್ನೊಂದು, 2008ರ ನಿಯಮದಲ್ಲಿ ರಿಟೈರ್ ಆಗಿ 15 ವರ್ಷ ಕಳೆದ್ಮೇಲೆ ಕ್ಲೇಮ್ ಮಾಡಿದ್ರೆ ಸಾಬೀತು ಮಾಡೋ ಹೊಣೆ ನಿಮ್ಮ ತಲೆ ಮೇಲೆ ಬರುತ್ತೆ, ನಿಮಗೆ ಅದು ತಾಗಲ್ಲ. 2023ರ ಸೆಪ್ಟೆಂಬರ್ 21ರ ನಂತರ ರಿಟೈರ್ ಆದವ್ರಿಗೆ ಹೊಸ ನಿಯಮ, ಅಪ್ಪ 2021ರವರಾದ್ದರಿಂದ ಹಳೇದೇ.

ಧರಂವೀರ್ ಸಿಂಗ್ ಹೆಸ್ರು ಹೇಳಿದ ತಕ್ಷಣ ಗೆದ್ರು ಅಂತಲ್ಲ. 2019ರಲ್ಲಿ ನರಸಿಂಗ್ ಯಾದವ್ ಕೇಸ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಜವಾನನ ವಿರುದ್ಧ ಹೇಳಿದೆ, ಮಾನಸಿಕ ಕಾಯಿಲೆ ಭರ್ತಿ ಸಮಯದಲ್ಲಿ ಕಾಣದೇ ಇರ್ಬಹುದು, ಯಾಂತ್ರಿಕವಾಗಿ ಎಲ್ಲವನ್ನೂ ಸರ್ವಿಸ್‌ಗೆ ಕಟ್ಟಕ್ಕಾಗಲ್ಲ ಅಂತ. ಅದಕ್ಕೇ ತುಂಗಾ ದಡದವ್ರು ಹೇಳಿದ ಪೇಪರ್ ಮೊದಲು. ಆರ್‌ಟಿಐ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಅಪ್ಪನ ಸರ್ವಿಸ್ ದಾಖಲೆ ಇಟ್ಟಿರೋ ರೆಕಾರ್ಡ್ಸ್ ಆಫೀಸ್‌ಗೆ, 30 ದಿನದಲ್ಲಿ ಕೊಡ್ಬೇಕು. ಅರ್ಜಿಗೆ ಸಹಿ ಅಪ್ಪನದೇ ಇರ್ಲಿ. ಕಿವಿಗೆ ಬೇರೆ, ಬಿಪಿಗೆ ಬೇರೆ ವಾದ ಬರೀರಿ, ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸ್ಬೇಡಿ.

ಕೊಪ್ಪದ ಅಕ್ಕ
ನಮ್ಮನೆಯವ್ರ ಕೇಸ್ ನಾಲ್ಕು ವರ್ಷ ಎಳೀತು ತಂಗಿ, ಕೊನೆಗೆ ಆಯ್ತು. ಆದ್ರೆ ಒಂದು ಎಚ್ಚರ. ಶುರುವಲ್ಲಿ ಒಬ್ಬರು ಮನೆಗೇ ಬಂದ್ರು, ಫೀಸ್ ಬೇಡ, ಬಾಕಿ ಬಂದ್ಮೇಲೆ ಅದರಲ್ಲಿ 30% ಕೊಡಿ ಸಾಕು ಅಂದ್ರು, ಖಾಲಿ ವಕಾಲತ್ತು ಮೇಲೆ ಇವರ ಸಹಿ, ಜೊತೆಗೆ ಎರಡು ಖಾಲಿ ಚೆಕ್ ತಗೊಂಡ್ರು. ಅಡಿಕೆ ಕೊಯ್ಲಿನ ಟೈಮು, ಮನೆ ತುಂಬಾ ಕೆಲಸದವ್ರು, ನಾನು ಕಾಫಿ ಮಾಡ್ತಾ ಒಳಗಿದ್ದೆ, ಹೊರಗೆ ಬರೋದ್ರೊಳಗೆ ಎಲ್ಲಾ ಮುಗ್ದಿತ್ತು. ಒಂದೂವರೆ ವರ್ಷ ಕೇಸೇ ಹಾಕಿರ್ಲಿಲ್ಲ. ಆ ಚೆಕ್ ವಾಪಸ್ ತರೋದಕ್ಕೆ ನಾನು ಪಟ್ಟ ಪಾಡು ಕೇಸಿಗಿಂತ ಜಾಸ್ತಿ.

ಕೋರ್ಟ್ ರಸ್ತೆ
ಅಕ್ಕ, ಬಂದ ದುಡ್ಡಲ್ಲಿ ಪಾಲು ಅಂತ ಫೀಸ್ ಮಾತಾಡೋದನ್ನ ಬಾರ್ ಕೌನ್ಸಿಲ್ ನಿಯಮವೇ ನಿಷೇಧ ಮಾಡಿದೆ. ಯಾರಾದ್ರೂ ಹಾಗಂದ್ರೆ ಅಲ್ಲೇ ಎದ್ದು ಬನ್ನಿ. ಟ್ರಿಬ್ಯುನಲ್‌ನಲ್ಲಿ ವಕೀಲರಿಲ್ಲದೇ ತಾವೇ ವಾದ ಮಾಡ್ಬಹುದು, 25ನೇ ಸೆಕ್ಷನ್ ಅದನ್ನ ಕೊಡುತ್ತೆ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದ್ರೆ ನಾಲ್ಸಾದವರು ವೀರ್ ಪರಿವಾರ್ ಸಹಾಯತಾ ಯೋಜನೆ ಶುರು ಮಾಡಿದ್ದಾರೆ, ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಕಾನೂನು ನೆರವು ಕೊಡೋದು ಅದರ ಉದ್ದೇಶ. ಶಿವಮೊಗ್ಗದ ಸೈನಿಕ ಕಲ್ಯಾಣ ಇಲಾಖೆಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಒಂದೇ ದಿನ ಹೋಗಿ ವಿಚಾರಿಸಿ.

ಬಿದನೂರು ಹುಡುಗಿ
ತುಂಬಾ ಥ್ಯಾಂಕ್ಸ್ ಎಲ್ರಿಗೂ. ದುಡ್ಡಿನ ಲೆಕ್ಕ ಎಷ್ಟು ಅಂತ ಅಂದಾಜು ಹೇಳ್ತೀರಾ? ಅಪ್ಪ "ಅಷ್ಟು ಕಷ್ಟಪಡುವಷ್ಟು ಏನು ಬರುತ್ತೆ" ಅಂತಿದ್ದಾರೆ.

ಗನ್ನರ್ ಸಾಗರ
ಪೂರ್ತಿ 100% ಇದ್ರೆ ಕೊನೇ ಸಂಬಳದ 30%. ಮಿಲಿಟರಿ ಸರ್ವಿಸ್ ಪೇ ಸೇರಿ 45,000 ಇತ್ತು ಅಂತ ಹಿಡ್ಕೊಳಿ, ಆಗ 13,500 ಆಯ್ತು. ನಿಮ್ಮಪ್ಪಂದು 40%, ಅದನ್ನ 50ಕ್ಕೆ ಏರಿಸ್ತಾರೆ, ಬ್ರಾಡ್ ಬ್ಯಾಂಡಿಂಗ್ ಅಂತಾರೆ, ಸರ್ವಿಸ್ ಪೂರ್ತಿ ಮುಗಿಸಿ ಬಂದವ್ರಿಗೂ ಅದು ಸಿಗ್ಬೇಕು ಅಂತ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸ್‌ನಲ್ಲಿ ತೀರ್ಪಾಗಿದೆ. ಹಂಗಾದ್ರೆ ತಿಂಗಳಿಗೆ 6,750, ಮೇಲೆ ಡಿಆರ್, ಅಂದ್ರೆ ತುಟ್ಟಿ ಪರಿಹಾರ. ಮೂರು ವರ್ಷದ ಬಾಕಿನೇ ಡಿಆರ್ ಬಿಟ್ಟು 2,43,000 ಆಗುತ್ತೆ. ಕಿವಿ ಒಂದೇ ಗೆದ್ರೂ 20% ಇದ್ಯಲ್ಲ, ಕನಿಷ್ಠ ಬೇಕಾಗಿರೋದೇ ಅಷ್ಟು, ಅದನ್ನೂ 50ಕ್ಕೇ ಏರಿಸ್ತಾರೆ. ಕೊಳೆ ರೋಗ ಬಂದ ವರ್ಷ ಒಂದೂವರೆ ಎಕ್ರೆಲಿ ಔಷಧಿ ಖರ್ಚು ಕಳೆದು ಏನು ಉಳಿಯುತ್ತೆ ಅಂತ ಅಪ್ಪನ್ನೇ ಕೇಳಿ.

ತೋಟದಮನೆ ರಿಪ್ಪನ್‌ಪೇಟೆ
ಕಿವಿ ಒಂದಕ್ಕೇ ಅಷ್ಟೂ ಸಿಗುತ್ತೆ ಅಂದ್ಮೇಲೆ ಕಿವಿ ಮೇಲೆ ಗಟ್ಟಿ ನಿಲ್ಲಿ ಅಂತ ನನ್ನ ಸಲಹೆ. ಬಿಪಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದ್ರೆ ಆ ಪಿ ಎಫ್ ಪಟ್ಟಿ ನೋಡ್ಬೇಕು ಅಂದಿದ್ದು ನ್ಯಾಯವಾದ ಮಾತು. ಅಮ್ಮಾ, ನಿಮ್ಮಪ್ಪನ ಜೊತೆ ಒಂದೇ ಗನ್ ಮೇಲಿದ್ದವ್ರು ಯಾರಾದ್ರೂ ಸಂಪರ್ಕದಲ್ಲಿದ್ರೆ ಒಂದು ಅಫಿಡವಿಟ್ ಬರೆಸ್ಕೊಳಿ, ಎಲ್ಲೆಲ್ಲಿ ಎಷ್ಟು ಫೈರಿಂಗ್ ಮಾಡಿದ್ರು ಅಂತ. ಅಪೀಲ್ ಕನ್ನಡದಿಂದ ಇಂಗ್ಲಿಷಿಗೆ ಮಾಡೋದಿದ್ರೆ ನಾನು ಕೂತು ಬರ್ಕೊಡ್ತೀನಿ, ರಿಪ್ಪನ್‌ಪೇಟೆಗೆ ಬನ್ನಿ, ಇಲ್ಲಾಂದ್ರೆ ನಾನೇ ಬರ್ತೀನಿ, ಬಸ್ಸಿಗೆ ಅಷ್ಟು ದೂರ ಏನಲ್ಲ.

ಬಿದನೂರು ಹುಡುಗಿ
ಸರ್ ಖಂಡಿತ ಬರ್ತೀವಿ.

ನಿನ್ನೆ ರಾತ್ರಿ ನೀವೆಲ್ಲ ಬರೆದಿದ್ದನ್ನ ಅಪ್ಪಂಗೆ ಓದೋಕೆ ಆಗೋ ಹಾಗೆ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ದೊಡ್ಡದಾಗಿ ಬರ್ಕೊಟ್ಟೆ, ಕೂಗಿ ಹೇಳೋ ವಿಷ್ಯ ಅಲ್ಲ ಅನ್ನಿಸ್ತು. ಎರಡು ಸಲ ಓದಿದ್ರು. ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ "ಆ ಪಟ್ಟಿ ಅವ್ರು ಕಳ್ಸೋತನಕ ಯಾಕೆ ಕಾಯೋದು, ನಾನೇ ಹೇಳ್ತೀನಿ ಬರ್ಕೋ" ಅಂದ್ರು. 1999ರಿಂದ ಶುರು ಮಾಡಿದ್ವಿ. ಯಾವ ತಿಂಗಳು ಎಲ್ಲಿ, ಯಾವ ರೇಂಜ್, ಎಷ್ಟು ದಿನದ ಫೈರಿಂಗ್, ಯಾರು ಪಕ್ಕದಲ್ಲಿದ್ರು, ಎಲ್ಲಾ ನೆನಪಿದೆ, ಊರಿನ ಹೆಸ್ರು ನಾನು ತಪ್ಪು ಬರೆದ್ರೆ ಹಾಳೆ ಎಳ್ಕೊಂಡು ತಾವೇ ತಿದ್ತಾರೆ. ಪೋಸ್ಟಲ್ ಆರ್ಡರ್ ಇವತ್ತು ತಂದೆ, ರಿಜಿಸ್ಟರ್ಡ್ ಪೋಸ್ಟ್ ಈಗ ಇಲ್ವಂತೆ, ಸ್ಪೀಡ್ ಪೋಸ್ಟ್‌ಗೇ ಸೇರ್ಸಿದ್ದಾರಂತೆ, ಅದರಲ್ಲೇ ಸೋಮವಾರ ಕಳಿಸ್ತೀನಿ. ಪಟ್ಟಿ ನಾಲ್ಕು ಪುಟ ಆಗಿದೆ, ಇನ್ನೂ 2009ಕ್ಕೆ ಬಂದಿದ್ದೀವಿ.